ಉಲ್ಲೇಖ ಪ್ರಭಾವ (ಗಣಕ ವಿಜ್ಞಾನ)

ಉಲ್ಲೇಖ ಪ್ರಭಾವ ಎಂದರೆ ಒಬ್ಬ ಸಂಶೋಧಕರ ಪ್ರಕಟಿತ ಬರಹಗಳನ್ನು ಇತರ ಸಂಶೋಧಕರು ತಮ್ಮ ಬರಹಗಳಲ್ಲಿ ಎಷ್ಟು ಬಾರಿ ಹೆಸರಿಸಿದ್ದಾರೆ ಎಂಬುದನ್ನು ಎಣಿಸಿ, ಆ ಎಣಿಕೆಯಿಂದ ಅವರ ಕೆಲಸದ ಪ್ರಸಾರವನ್ನು ಅಂದಾಜು ಮಾಡುವ ಕ್ರಮ. ಸಂಶೋಧನ ಪ್ರಬಂಧದ ಕೊನೆಯಲ್ಲಿ ಅದಕ್ಕೆ ಆಧಾರವಾದ ಹಿಂದಿನ ಕೃತಿಗಳ ಪಟ್ಟಿಯಿರುತ್ತದೆ. ಆ ಪಟ್ಟಿಯ ಪ್ರತಿಯೊಂದು ನಮೂದೂ ಹೆಸರಿಸಲ್ಪಟ್ಟ ಕೃತಿಗೆ ಸಂದ ಒಂದು ಉಲ್ಲೇಖವೆನಿಸುತ್ತದೆ. ಅಧ್ಯಾಪಕರ ನೇಮಕಾತಿ, ಬಡ್ತಿ, ಸಂಶೋಧನಾನುದಾನ ಹಾಗೂ ವಿದ್ಯಾಸಂಸ್ಥೆಗಳ ಶ್ರೇಯಾಂಕ ನಿರ್ಧಾರಗಳಲ್ಲಿ ಈ ಎಣಿಕೆಯ ಬಳಕೆ ಹೆಚ್ಚಿರುವುದರಿಂದ ಅದರ ಅರ್ಥವನ್ನೂ ಮಿತಿಯನ್ನೂ ತಿಳಿಯುವುದು ಅಗತ್ಯವಾಗಿದೆ.

ಗಣಕ ವಿಜ್ಞಾನದಲ್ಲಿ ಈ ಮಾಪನವು ಇತರ ಶಾಸ್ತ್ರಗಳಿಗಿಂತ ಹೆಚ್ಚು ತೊಡಕಿನದು. ಈ ಕ್ಷೇತ್ರದ ಮುಖ್ಯ ಸಂಶೋಧನೆಗಳು ಬಹುಮಟ್ಟಿಗೆ ನಿಯತಕಾಲಿಕಗಳಲ್ಲಲ್ಲದೆ ಸಮ್ಮೇಳನಗಳಲ್ಲಿ ಪ್ರಕಟವಾಗುತ್ತವೆ. ತಂತ್ರಾಂಶ, ಲಿಪಿವಿನ್ಯಾಸ, ಕೀಲಿಮಣೆ ಮುಂತಾದ ಫಲಗಳು ಕೋಟ್ಯಂತರ ಜನರ ಬಳಕೆಗೆ ಬಂದರೂ ಬಳಸುವವರು ಯಾವ ಉಲ್ಲೇಖವನ್ನೂ ಬರೆಯುವುದಿಲ್ಲ.

ಇತಿಹಾಸ

ಉಲ್ಲೇಖಗಳ ಎಣಿಕೆ ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದಲ್ಲಿ 1873ರಲ್ಲಿ ಆರಂಭವಾದ ಶೆಪರ್ಡ್ ಸೂಚಿಯು ಒಂದು ನ್ಯಾಯಾಲಯದ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಹೆಸರಿಸಿವೆ ಎಂಬುದನ್ನು ವಕೀಲರಿಗೆ ತಿಳಿಸುತ್ತಿತ್ತು. 1927ರಲ್ಲಿ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು ಲೇಖಕರು, ಕಾಲೇಜು ಗ್ರಂಥಾಲಯವು ಯಾವ ರಸಾಯನಶಾಸ್ತ್ರ ಪತ್ರಿಕೆಗಳನ್ನು ತರಿಸಬೇಕೆಂದು ತಿಳಿಯಲು ಒಂದು ಪತ್ರಿಕೆಯ ಅಡಿಟಿಪ್ಪಣಿಗಳನ್ನು ಎಣಿಸಿದರು. ಹೀಗೆ ಮೊದಲಲ್ಲಿ ಈ ಎಣಿಕೆಯ ಉದ್ದೇಶ ದಾರಿ ತೋರಿಸುವುದಾಗಿತ್ತು. ವ್ಯಕ್ತಿಯನ್ನು ತೂಗುವುದು ಆಗಿರಲಿಲ್ಲ.

ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯದ ಕೆಲಸಗಳಿಗೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ‘ಲೈಬ್ರಮೆಟ್ರಿ’ ಎಂಬ ಶಾಖೆಯನ್ನು 1948ರಲ್ಲಿ ಸೂಚಿಸಿದರು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ‘ಬಿಬ್ಲಿಯೋಮೆಟ್ರಿಕ್ಸ್’ ಎಂಬ ಪದವನ್ನು ಅಲನ್ ಪ್ರಿಚರ್ಡ್ 1969ರಲ್ಲಿ ಬಳಕೆಗೆ ತಂದರು.

ಯೂಜೀನ್ ಗಾರ್‌ಫೀಲ್ಡ್ ಅವರು 1955ರಲ್ಲಿ ವಿಜ್ಞಾನಕ್ಕೊಂದು ಉಲ್ಲೇಖಸೂಚಿ ಬೇಕೆಂದು ಪ್ರತಿಪಾದಿಸಿ, 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಪ್ರಕಟಿಸಿದರು. ಅದರ ಮುಂದಿನ ರೂಪವೇ ಇಂದಿನ ವೆಬ್ ಆಫ್ ಸೈನ್ಸ್. 2004ರಲ್ಲಿ ಎಲ್ಸೆವಿಯರ್ ಪ್ರಕಾಶನದ ಸ್ಕೋಪಸ್ ಮತ್ತು ಉಚಿತವಾಗಿ ದೊರೆಯುವ ಗೂಗಲ್ ಸ್ಕಾಲರ್ ಎರಡೂ ಆರಂಭವಾದವು.

ಗಣಕ ವಿಜ್ಞಾನವು ಈ ವಿದ್ಯೆಯಿಂದ ಪಡೆದದ್ದೂ ಉಂಟು, ಅದಕ್ಕೆ ಕೊಟ್ಟದ್ದೂ ಉಂಟು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಮೊದಲಾದ ಡಿಬಿಎಲ್‌ಪಿ ಎಂಬ ಗ್ರಂಥಸೂಚಿಯು ಈ ಕ್ಷೇತ್ರದ ಪ್ರಬಂಧಗಳನ್ನು ಲೇಖಕರ ಹೆಸರಿನಡಿ ಜೋಡಿಸಿತು. 1990ರ ದಶಕದ ಕೊನೆಯಲ್ಲಿ ಬಂದ ಸೈಟ್‌ಸೀರ್, ಅಂತರಜಾಲದ ಪ್ರಬಂಧಗಳಿಂದ ಉಲ್ಲೇಖಗಳನ್ನು ಯಂತ್ರವೇ ಹೆಕ್ಕಿ ಎಣಿಸುವ ಕ್ರಮವನ್ನು ತೋರಿಸಿತು. ಗೂಗಲ್ ಶೋಧಯಂತ್ರದ ಮೂಲವಾದ ಪೇಜ್‌ರ‍್ಯಾಂಕ್ ವಿಧಾನವು (1998) ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ಒಂದು ಬಗೆಯ ಉಲ್ಲೇಖವೆಂದೇ ಭಾವಿಸುತ್ತದೆ.

ಮುಖ್ಯ ಮಾಪನಗಳು

ಒಟ್ಟು ಉಲ್ಲೇಖಗಳು: ಎಲ್ಲ ಪ್ರಬಂಧಗಳಿಗೆ ಸಂದ ಉಲ್ಲೇಖಗಳ ಮೊತ್ತ. ಇದು ಅತ್ಯಂತ ಸರಳ. ಆದರೆ ಒಂದೇ ಒಂದು ಜನಪ್ರಿಯ ಪ್ರಬಂಧ ಇಡೀ ಮೊತ್ತವನ್ನು ಏರಿಸಬಲ್ಲದು.

ಎಚ್-ಸೂಚ್ಯಂಕ: ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದ್ದು. ಒಬ್ಬರ ಪ್ರಬಂಧಗಳಲ್ಲಿ ಕನಿಷ್ಠ ಎಚ್ ಸಂಖ್ಯೆಯ ಪ್ರಬಂಧಗಳಿಗೆ ತಲಾ ಕನಿಷ್ಠ ಎಚ್ ಉಲ್ಲೇಖಗಳು ದೊರೆತಿದ್ದರೆ, ಅಂತಹ ಅತಿ ದೊಡ್ಡ ಸಂಖ್ಯೆಯೇ ಅವರ ಎಚ್-ಸೂಚ್ಯಂಕ.

ಜಿ-ಸೂಚ್ಯಂಕ: ಲಿಯೊ ಎಘೆ 2006ರಲ್ಲಿ ಸೂಚಿಸಿದ್ದು. ಹೆಚ್ಚು ಉಲ್ಲೇಖ ಪಡೆದ ಮೊದಲ ಜಿ ಪ್ರಬಂಧಗಳ ಒಟ್ಟು ಉಲ್ಲೇಖವು ಜಿ ಸಂಖ್ಯೆಯ ವರ್ಗಕ್ಕೆ ಸಮನಾಗಿ ಅಥವಾ ಅದಕ್ಕಿಂತ ಹೆಚ್ಚಾಗಿ ಇರುವ ಅತಿ ದೊಡ್ಡ ಸಂಖ್ಯೆ ಇದು. ಪ್ರಸಿದ್ಧ ಪ್ರಬಂಧಗಳಿಗೆ ಇಲ್ಲಿ ಹೆಚ್ಚಿನ ಬೆಲೆ ದೊರೆಯುತ್ತದೆ.

ಐ10-ಸೂಚ್ಯಂಕ: ಕನಿಷ್ಠ 10 ಉಲ್ಲೇಖ ಪಡೆದ ಪ್ರಬಂಧಗಳ ಸಂಖ್ಯೆ. ಗೂಗಲ್ ಸ್ಕಾಲರ್ ಇದನ್ನು ಬಳಸುತ್ತದೆ.

ಕ್ಷೇತ್ರಾನುಗುಣ ಪ್ರಭಾವ: ಅದೇ ಕ್ಷೇತ್ರದಲ್ಲಿ, ಅದೇ ವರ್ಷದಲ್ಲಿ ಪ್ರಕಟವಾದ, ಅದೇ ಬಗೆಯ ಬರಹಗಳ ಸರಾಸರಿಯೊಡನೆ ಹೋಲಿಸಿದ ಪ್ರಮಾಣ. 1 ಎಂದರೆ ಜಾಗತಿಕ ಸರಾಸರಿಗೆ ಸಮ. 2 ಎಂದರೆ ಅದರ ಎರಡರಷ್ಟು.

ಪ್ರಭಾವಾಂಕವು ಇವುಗಳಿಗಿಂತ ಭಿನ್ನ. ಅದು ಒಂದು ನಿಯತಕಾಲಿಕದ ಸರಾಸರಿಯೇ ಹೊರತು ಅದರಲ್ಲಿ ಬರೆದ ವ್ಯಕ್ತಿಯ ಅಳತೆಯಲ್ಲ.

ಲೆಕ್ಕದ ಮಾದರಿ

ಕುಂದಾಪುರದ ಕಾಲೇಜೊಂದರ ಗಣಕ ವಿಜ್ಞಾನದ ಅಧ್ಯಾಪಕಿಯೊಬ್ಬರು 10 ಪ್ರಬಂಧಗಳನ್ನು ಪ್ರಕಟಿಸಿದ್ದಾರೆಂದು ಭಾವಿಸೋಣ. ಅವುಗಳಿಗೆ ದೊರೆತ ಉಲ್ಲೇಖಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ 40, 22, 15, 9, 7, 6, 4, 2, 1, 0 ಎಂದಾಗಲಿ. ಆರನೆಯ ಪ್ರಬಂಧಕ್ಕೆ 6 ಉಲ್ಲೇಖಗಳಿವೆ. ಏಳನೆಯದಕ್ಕೆ 4 ಮಾತ್ರ. ಆದ್ದರಿಂದ ಅವರ ಎಚ್-ಸೂಚ್ಯಂಕ 6. ಒಟ್ಟು ಉಲ್ಲೇಖ 106. ಇದು 10ರ ವರ್ಗವಾದ 100ಕ್ಕಿಂತ ಹೆಚ್ಚಿರುವುದರಿಂದ ಜಿ-ಸೂಚ್ಯಂಕ 10. ಹತ್ತಕ್ಕಿಂತ ಹೆಚ್ಚು ಉಲ್ಲೇಖ ಪಡೆದವು ಮೂರೇ ಆದುದರಿಂದ ಐ10-ಸೂಚ್ಯಂಕ 3. ಸರಾಸರಿ 10.6 ಆದರೂ ಮಧ್ಯಾಂಕ 6.5 ಮಾತ್ರ.

ಒಬ್ಬರದೇ ಬರಹಗಳಿಂದ 3, 6, 10 ಎಂಬ ಮೂರು ಬೇರೆ ಬೇರೆ ಸೂಚ್ಯಂಕಗಳು ಬಂದಿರುವುದನ್ನು ಇಲ್ಲಿ ಗಮನಿಸಬೇಕು. ಮೊದಲ ಪ್ರಬಂಧಕ್ಕೆ 40ರ ಬದಲು 4,000 ಉಲ್ಲೇಖಗಳು ದೊರೆತರೂ ಎಚ್-ಸೂಚ್ಯಂಕ 6ರಲ್ಲಿಯೇ ನಿಲ್ಲುತ್ತದೆ. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದವರ ಎಚ್-ಸೂಚ್ಯಂಕ 1ನ್ನು ಮೀರಲಾರದು. ಈ ಸೂಚ್ಯಂಕವು ಎಂದೂ ಇಳಿಯದಿರುವುದರಿಂದ ಹಿರಿಯರಿಗೆ ಸಹಜವಾಗಿಯೇ ಅನುಕೂಲ, ಕಿರಿಯರಿಗೆ ಅನನುಕೂಲ.

ಗಣಕ ವಿಜ್ಞಾನದ ವಿಶೇಷತೆಗಳು

ಈ ಕ್ಷೇತ್ರದ ಪ್ರಮುಖ ಸಮ್ಮೇಳನಗಳಲ್ಲಿ ಪ್ರಬಂಧಗಳನ್ನು ಸಹತಜ್ಞರು ಕಟ್ಟುನಿಟ್ಟಾಗಿ ಪರಿಶೀಲಿಸಿ ಆಯ್ಕೆ ಮಾಡುತ್ತಾರೆ. ಇಂದಿನ ಭಾಷಾ ಮಾದರಿಗಳಿಗೆ ಅಡಿಪಾಯವಾದ ಟ್ರಾನ್ಸ್‌ಫಾರ್ಮರ್ ರಚನೆಯನ್ನು ಪರಿಚಯಿಸಿದ 2017ರ ಪ್ರಬಂಧವು ಪ್ರಕಟವಾದದ್ದು ಸಮ್ಮೇಳನದಲ್ಲಿಯೇ; ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಅದಕ್ಕೆ ಒಂದು ಲಕ್ಷಕ್ಕೂ ಮೀರಿ ಉಲ್ಲೇಖಗಳಿವೆ. ನಿಯತಕಾಲಿಕಗಳನ್ನೇ ಮುಖ್ಯವಾಗಿ ನೋಡುವ ಸೂಚಿಗಳಲ್ಲಿ ಇಂತಹ ಕೆಲಸಕ್ಕೆ ತಕ್ಕ ಸ್ಥಾನ ಸಿಗದು. ಬರ್ಟ್ರಾಂಡ್ ಮೇಯರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಕೊರತೆಯನ್ನು ವಿವರಿಸಿ, ಗಣಕ ವಿಜ್ಞಾನಿಗಳ ಮೌಲ್ಯಮಾಪನದಲ್ಲಿ ಸಮ್ಮೇಳನ ಪ್ರಬಂಧಗಳನ್ನೂ ತಂತ್ರಾಂಶದಂತಹ ಕೃತಿಗಳನ್ನೂ ಪರಿಗಣಿಸಬೇಕೆಂದು ಒತ್ತಾಯಿಸಿತು.

ಉಪಶಾಖೆಗಳ ನಡುವೆಯೂ ಅಂತರವಿದೆ. ಯಂತ್ರಕಲಿಕೆಯಲ್ಲಿ ಬರೆಯುವವರು ಬಹಳ. ಉಲ್ಲೇಖಗಳು ಬೇಗ ಕೂಡುತ್ತವೆ. ಗಣನ ಸಿದ್ಧಾಂತದಲ್ಲಿ ಬರೆಯುವವರು ಕಡಿಮೆ. ಒಂದು ಪ್ರಮೇಯದ ಬೆಲೆ ತಿಳಿಯಲು ವರ್ಷಗಳೇ ಹಿಡಿಯಬಹುದು. ಇವೆರಡರ ಬರಿಯ ಸಂಖ್ಯೆಗಳನ್ನು ಹೋಲಿಸುವುದು ಸಾಧುವಲ್ಲ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಭತ್ತದ ತಜ್ಞರ ಸಂಖ್ಯೆಯನ್ನು ಯಂತ್ರಕಲಿಕೆಯ ತಜ್ಞರ ಸಂಖ್ಯೆಯೊಡನೆ ಹೋಲಿಸಿದರೆ ಎಷ್ಟು ಅಸಂಗತವೋ ಇದೂ ಅಷ್ಟೇ ಅಸಂಗತ.

ದತ್ತಸಂಚಯ ಬದಲಾದಂತೆ ಸಂಖ್ಯೆಯೂ ಬದಲಾಗುತ್ತದೆ. ಗೂಗಲ್ ಸ್ಕಾಲರ್ ಪ್ರಬಂಧ, ಪುಸ್ತಕ, ಮಹಾಪ್ರಬಂಧ, ಕರಡುಪ್ರತಿಗಳನ್ನೆಲ್ಲ ಒಳಗೊಳ್ಳುವುದರಿಂದ ಅದರ ಎಣಿಕೆ ಸಾಮಾನ್ಯವಾಗಿ ದೊಡ್ಡದು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಆಯ್ದ ಮೂಲಗಳನ್ನು ಮಾತ್ರ ಎಣಿಸುತ್ತವೆ. ಆದ್ದರಿಂದ ಯಾವುದೇ ಎಚ್-ಸೂಚ್ಯಂಕವನ್ನು ಹೇಳುವಾಗ ದತ್ತಸಂಚಯದ ಹೆಸರನ್ನೂ ನೋಡಿದ ದಿನಾಂಕವನ್ನೂ ಹೇಳುವುದು ಕ್ರಮ.

ಹೆಸರಿನ ತೊಡಕು

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಹೆಸರುಗಳು ಈ ತೊಡಕಿಗೆ ಒಳ್ಳೆಯ ನಿದರ್ಶನ. ಶೆಟ್ಟಿ, ಪೂಜಾರಿ, ಖಾರ್ವಿ, ದೇವಾಡಿಗ, ಅಡಿಗ, ಹೆಬ್ಬಾರ, ಶೆಣೈ ಮುಂತಾದ ಕುಲನಾಮಗಳನ್ನು ಸಾವಿರಾರು ಮಂದಿ ಹೊಂದಿರುತ್ತಾರೆ. ಹೆಸರಿನ ಮುಂದೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಇಡುವ ರೂಢಿಯೂ ಇದೆ. ಕೋಟ, ಕುಂದಾಪುರ, ಕೊಲ್ಲೂರು ಮೂರಕ್ಕೂ ರೋಮನ್ ಲಿಪಿಯಲ್ಲಿ ಒಂದೇ ಮೊದಲಕ್ಷರ. ‘ಆರ್. ಶೆಟ್ಟಿ’ ಎಂಬ ಹೆಸರಿನಡಿ ಹಲವು ಸಂಶೋಧಕರ ಪ್ರಬಂಧಗಳು ಒಂದಾಗಿ ಸೇರಿಬಿಡಬಹುದು. ಇನ್ನೊಂದೆಡೆ, ‘ಪೂಜಾರಿ’ ಎಂಬುದನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆಯಾಗಿ ಬರೆಯುವುದರಿಂದ ಒಬ್ಬರದೇ ಪ್ರಬಂಧಗಳು ಇಬ್ಬರ ಹೆಸರಿಗೆ ಹಂಚಿಹೋಗಬಹುದು. ಮದುವೆಯ ಬಳಿಕ ಹೆಸರು ಬದಲಿಸಿದ ಮಹಿಳೆಯರಿಗೂ ಇದೇ ನಷ್ಟ.

ಮೇಲಿನ ಮಾದರಿಯ 10 ಪ್ರಬಂಧಗಳು ಎರಡು ಹೆಸರುಗಳಿಗೆ ಒಂದು ಬಿಟ್ಟು ಒಂದರಂತೆ ಹಂಚಿಹೋದರೆ, ಒಂದು ಹೆಸರಿಗೆ 40, 15, 7, 4, 1 ಮತ್ತು ಇನ್ನೊಂದಕ್ಕೆ 22, 9, 6, 2, 0 ದೊರೆತು, ಎಚ್-ಸೂಚ್ಯಂಕಗಳು ಕ್ರಮವಾಗಿ 4 ಮತ್ತು 3 ಆಗುತ್ತವೆ. ಕೆಲಸದಲ್ಲಿ ಏನೂ ಕಡಿಮೆಯಾಗದೆ ಸೂಚ್ಯಂಕ ಮಾತ್ರ 6ರಿಂದ ಇಳಿಯುತ್ತದೆ. ಇದಕ್ಕೆ ಪರಿಹಾರವಾಗಿ 2012ರಲ್ಲಿ ಆರ್ಕಿಡ್ ಎಂಬ ವ್ಯವಸ್ಥೆ ಆರಂಭವಾಯಿತು. ಅದು ಪ್ರತಿ ಸಂಶೋಧಕರಿಗೂ 16 ಸ್ಥಾನಗಳ ಪ್ರತ್ಯೇಕ ಗುರುತುಸಂಖ್ಯೆಯನ್ನು ಉಚಿತವಾಗಿ ನೀಡುತ್ತದೆ. ಮೊದಲ ಪ್ರಬಂಧದಿಂದಲೇ ಒಂದೇ ಬಗೆಯ ಕಾಗುಣಿತವನ್ನೂ ಈ ಸಂಖ್ಯೆಯನ್ನೂ ಬಳಸಿದರೆ ತೊಡಕು ಬಹಳಮಟ್ಟಿಗೆ ತಪ್ಪುತ್ತದೆ.

ಕರ್ನಾಟಕದ ನಿದರ್ಶನಗಳು

ನಾಸಿರ್ ಅಹ್ಮದ್: 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕದಲ್ಲಿ ಅಧ್ಯಾಪಕರಾದರು. ಚಿತ್ರದ ಮಾಹಿತಿಯನ್ನು ಕಿರಿದಾಗಿಸಲು ಕೊಸೈನ್ ಪರಿವರ್ತನೆಯನ್ನು ಬಳಸುವ ಯೋಜನೆಗೆ ಅವರು 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ ಕೋರಿದರು; ಅದು ದೊರೆಯಲಿಲ್ಲ. ವಿಚಾರವು ತೀರ ಸರಳವೆಂದು ಒಬ್ಬ ವಿಮರ್ಶಕರು ಭಾವಿಸಿದ್ದುದನ್ನು ಅಹ್ಮದ್ 1991ರಲ್ಲಿ ಬರೆದ ನೆನಪಿನ ಲೇಖನದಲ್ಲಿ ಹೇಳಿದ್ದಾರೆ. ಅವರು ಕೆಲಸ ನಿಲ್ಲಿಸದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ನಾಲ್ಕು ಪುಟಗಳ ಪ್ರಬಂಧವನ್ನು ಪ್ರಕಟಿಸಿದರು. 1992ರಲ್ಲಿ ರೂಪುಗೊಂಡ ಜೆಪೆಗ್ ಚಿತ್ರಮಾನಕವೂ ಬಳಿಕದ ಅನೇಕ ವೀಡಿಯೊ ಮಾನಕಗಳೂ ಈ ಪರಿವರ್ತನೆಯನ್ನು ಆಧರಿಸಿವೆ. ಪ್ರಬಂಧಕ್ಕೆ ಸಹಸ್ರಾರು ಉಲ್ಲೇಖಗಳಿವೆ. ಆದರೆ ಅನುದಾನ ಕೋರಿದ ದಿನ ಆ ಸಂಖ್ಯೆ ಸೊನ್ನೆಯಾಗಿತ್ತು. ಉಲ್ಲೇಖಗಳು ನಡೆದುಹೋದುದನ್ನು ಎಣಿಸುತ್ತವೆ. ಮುಂದಾಗಬೇಕಾದ ಕೆಲಸವನ್ನು ಆರಿಸಿಕೊಡಲಾರವು.

ಸಿ. ಆರ್. ರಾವ್: 1920ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞರು. 1945ರಲ್ಲಿ ಕಲ್ಕತ್ತೆಯ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವರ ಒಂದೇ ಪ್ರಬಂಧದಲ್ಲಿ ಕ್ರಾಮೇರ್-ರಾವ್ ಮಿತಿ ಮತ್ತು ರಾವ್-ಬ್ಲ್ಯಾಕ್‌ವೆಲ್ ಪ್ರಮೇಯಗಳ ಮೂಲವಿದೆ. ಸಂಕೇತ ಸಂಸ್ಕರಣೆ ಮತ್ತು ಯಂತ್ರಕಲಿಕೆಯಲ್ಲಿ ಈ ಹೆಸರುಗಳು ಪಠ್ಯಪುಸ್ತಕದ ಮಾತುಗಳಾಗಿವೆ. ಹಾಗಾದ ಮೇಲೆ ಬಳಸುವವರೆಲ್ಲರೂ ಮೂಲ ಪ್ರಬಂಧವನ್ನು ಪಟ್ಟಿಯಲ್ಲಿ ಸೇರಿಸಬೇಕೆಂದಿಲ್ಲ. ಜ್ಞಾನದಲ್ಲಿ ಬೆರೆತು ಉಲ್ಲೇಖ ಮರೆಯಾಗುವ ಈ ಸ್ಥಿತಿಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು.

ಕೆ. ಪಿ. ರಾವ್: ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಕನ್ನಡವನ್ನು ಗಣಕಕ್ಕೆ ಅಳವಡಿಸಿದವರಲ್ಲಿ ಪ್ರಮುಖರು. ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. ಕಚೇರಿ, ಮುದ್ರಣಾಲಯ, ಪತ್ರಿಕಾಲಯಗಳಲ್ಲಿ ನಿತ್ಯವೂ ಅದನ್ನು ಬಳಸುವವರು ಪ್ರಬಂಧ ಬರೆಯುವವರಲ್ಲ. ಒಂದು ಅರ್ಜಿ ಬರೆದು ಮುಗಿಸಿದ ಗುಮಾಸ್ತರು ಅದರ ಕೆಳಗೆ ಕೀಲಿಮಣೆಗೆ ಉಲ್ಲೇಖ ಕೊಡುವುದಿಲ್ಲ. ಇಂತಹ ಕೆಲಸದ ಪ್ರಭಾವವನ್ನು ಯಾವ ಉಲ್ಲೇಖಸೂಚಿಯೂ ತೋರಿಸಲಾರದು.

ಕನ್ನಡ ಬರಹ ಮತ್ತು ಉಲ್ಲೇಖಸೂಚಿಗಳು

ಪ್ರಮುಖ ದತ್ತಸಂಚಯಗಳಲ್ಲಿ ಇಂಗ್ಲಿಷ್ ಬರಹಗಳದೇ ಪ್ರಾಬಲ್ಯ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳ ಮೂಲಕ ಕನ್ನಡ ಓದುಗರಿಗೆ ವಿಜ್ಞಾನವನ್ನು ತಲುಪಿಸಿದರು. ಅಂತಹ ಗ್ರಂಥಗಳನ್ನು ಓದಿ ವಿಜ್ಞಾನದ ಕಡೆಗೆ ತಿರುಗಿದ ವಿದ್ಯಾರ್ಥಿಗಳನ್ನು ಯಾವ ಸೂಚಿಯೂ ಎಣಿಸಿಲ್ಲ. ಇಂದು ಗಣಕ ವಿಜ್ಞಾನದ ಪಠ್ಯವನ್ನೋ ಪಾರಿಭಾಷಿಕ ಪದಕೋಶವನ್ನೋ ಕನ್ನಡದಲ್ಲಿ ಸಿದ್ಧಪಡಿಸುವ ಅಧ್ಯಾಪಕರ ಶ್ರಮವೂ ಎಚ್-ಸೂಚ್ಯಂಕಕ್ಕೆ ಏನನ್ನೂ ಸೇರಿಸುವುದಿಲ್ಲ. ಇದರಿಂದ ಪ್ರತಿಭಾವಂತ ಅಧ್ಯಾಪಕರು ತಮ್ಮ ನಾಡಿನ ಭಾಷೆಯಲ್ಲಿ ಬರೆಯುವ ಕೆಲಸವನ್ನು ಕೈಬಿಡುವ ಅಪಾಯವಿದೆ.

ಭಾರತದಲ್ಲಿ ಬಳಕೆ

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಪ್ರಬಂಧಗಳಿಗೆ ಕೊಡುವ ಅಂಕವು ನಿಯತಕಾಲಿಕದ ಪ್ರಭಾವಾಂಕಕ್ಕೆ ಅನುಗುಣವಾಗಿ ಏರುತ್ತದೆ. ಸಮ್ಮೇಳನ ಪ್ರಬಂಧಕ್ಕೆ ಪ್ರಭಾವಾಂಕವೇ ಇಲ್ಲದುದರಿಂದ ಗಣಕ ವಿಜ್ಞಾನಿಗಳಿಗೆ ಇದು ತೊಡಕಾಗುತ್ತದೆ. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕದಲ್ಲಿಯೂ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ನ ಪ್ರಕಟಣೆ ಹಾಗೂ ಉಲ್ಲೇಖಗಳು ಪರಿಗಣಿತವಾಗುತ್ತವೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಜಗತ್ತಿನ ಶೇ. 2 ವಿಜ್ಞಾನಿಗಳ ಪಟ್ಟಿ’ಯು ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಆಧಾರದಿಂದ ಸಿದ್ಧಪಡಿಸಿ 2019ರಿಂದ ಪ್ರಕಟಿಸುತ್ತಿರುವ ದತ್ತಾಂಶದಿಂದ ಬಂದದ್ದು. ಅದು ಉಲ್ಲೇಖಗಳ ಲೆಕ್ಕವೇ ಹೊರತು ಪ್ರಶಸ್ತಿಯಲ್ಲ.

ಕುಂದಾಪುರದಲ್ಲಿ 1963ರಲ್ಲಿ ಆರಂಭವಾದ ಭಂಡಾರ್ಕರ್ಸ್ ಕಲಾ ಮತ್ತು ವಿಜ್ಞಾನ ಕಾಲೇಜಿನಂತಹ ಸಂಸ್ಥೆಗಳ ಹಿರಿಮೆ ಬೋಧನೆಯಿಂದ ಬಂದದ್ದು. ಪದವಿ ತರಗತಿಗಳಿಗೆ ಪಾಠ ಹೇಳುವ ಅಧ್ಯಾಪಕರನ್ನೂ ಸಂಶೋಧನೆಗೆಂದೇ ನೇಮಕವಾದ ವಿಜ್ಞಾನಿಗಳನ್ನೂ ಒಂದೇ ಸೂಚ್ಯಂಕದಿಂದ ಅಳೆಯುವುದು ಇಬ್ಬರಿಗೂ ನ್ಯಾಯವಾಗದು.

ದುರುಪಯೋಗ

ಅಳತೆಯೇ ಗುರಿಯಾದಾಗ ಅದು ಅಳತೆಯಾಗಿ ಉಳಿಯುವುದಿಲ್ಲ. ತಮ್ಮ ಹಿಂದಿನ ಪ್ರಬಂಧಗಳನ್ನು ತಾವೇ ಅನಗತ್ಯವಾಗಿ ಉಲ್ಲೇಖಿಸುವುದು, ಪರಸ್ಪರ ಒಪ್ಪಂದದಿಂದ ಉಲ್ಲೇಖ ಹಂಚಿಕೊಳ್ಳುವುದು, ವಿಮರ್ಶಕರು ತಮ್ಮ ಬರಹವನ್ನು ಸೇರಿಸುವಂತೆ ಒತ್ತಾಯಿಸುವುದು, ಹಣ ತೆತ್ತು ಪ್ರಬಂಧ ಪ್ರಕಟಿಸುವುದು ಮೊದಲಾದವು ತಿಳಿದ ದೋಷಗಳು. ಫ್ರಾನ್ಸಿನ ಗಣಕ ವಿಜ್ಞಾನಿ ಸಿರಿಲ್ ಲಾಬೆ 2010ರಲ್ಲಿ ಐಕ್ ಅಂಟ್ಕೇರ್ ಎಂಬ ಇಲ್ಲದ ವ್ಯಕ್ತಿಯ ಹೆಸರಿನಲ್ಲಿ, ಯಂತ್ರವೇ ಹೆಣೆದ ಅರ್ಥಹೀನ ಪ್ರಬಂಧಗಳನ್ನು ಒಂದಕ್ಕೊಂದು ಉಲ್ಲೇಖಿಸುವಂತೆ ಜೋಡಿಸಿ, ಗೂಗಲ್ ಸ್ಕಾಲರ್ ಲೆಕ್ಕದಲ್ಲಿ 94ರ ಎಚ್-ಸೂಚ್ಯಂಕ ಬರುವಂತೆ ಮಾಡಿ ತೋರಿಸಿದರು. ಸ್ವಂತ ಉಲ್ಲೇಖವೆಲ್ಲವೂ ತಪ್ಪಲ್ಲ. ಒಂದೇ ವಿಷಯವನ್ನು ವರ್ಷಗಟ್ಟಲೆ ಮುಂದುವರಿಸುವವರಿಗೆ ಅದು ಅನಿವಾರ್ಯ. ಅದರ ಪ್ರಮಾಣವನ್ನು ಬೇರೆಯಾಗಿ ತೋರಿಸುವುದು ಸರಿಯಾದ ಕ್ರಮ.

ಜವಾಬ್ದಾರಿಯುತ ಬಳಕೆ

2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯು ನಿಯತಕಾಲಿಕದ ಪ್ರಭಾವಾಂಕವನ್ನು ವ್ಯಕ್ತಿಯ ಮೌಲ್ಯಮಾಪನಕ್ಕೆ ಬಳಸಬಾರದೆಂದು ಹೇಳಿತು. 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳು, ಸಂಖ್ಯೆಯು ತಜ್ಞರ ವಿವೇಚನೆಗೆ ನೆರವಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದೆಂದೂ, ಸ್ಥಳೀಯ ಮಹತ್ತ್ವದ ಸಂಶೋಧನೆಯನ್ನು ಕಾಪಾಡಬೇಕೆಂದೂ ಸೂಚಿಸುತ್ತವೆ.

ಒಬ್ಬ ಗಣಕ ವಿಜ್ಞಾನಿಯ ಉಲ್ಲೇಖ ಪ್ರಭಾವವನ್ನು ಪರಿಶೀಲಿಸುವಾಗ ಕೆಳಗಿನ ಕ್ರಮವನ್ನು ಅನುಸರಿಸಬಹುದು:

1. ಆರ್ಕಿಡ್ ಮತ್ತು ಡಿಬಿಎಲ್‌ಪಿ ನೆರವಿನಿಂದ ಪ್ರಬಂಧಗಳು ಅವರವೇ ಎಂದು ಖಚಿತಪಡಿಸಿಕೊಳ್ಳುವುದು.
2. ಕನಿಷ್ಠ ಎರಡು ದತ್ತಸಂಚಯಗಳ ಸಂಖ್ಯೆಗಳನ್ನು ದಿನಾಂಕಸಹಿತ ಗುರುತಿಸುವುದು.
3. ಅದೇ ಉಪಶಾಖೆಯ, ಸರಿಸುಮಾರು ಅದೇ ಸೇವಾವಧಿಯ ಸಂಶೋಧಕರೊಡನೆ ಮಾತ್ರ ಹೋಲಿಸುವುದು.
4. ಸ್ವಂತ ಉಲ್ಲೇಖಗಳನ್ನು ಬೇರ್ಪಡಿಸುವುದು. ಸಹಲೇಖಕರ ಸಂಖ್ಯೆಯನ್ನು ಗಮನಿಸುವುದು.
5. ಹೆಚ್ಚು ಉಲ್ಲೇಖಿತವಾದ ಕೆಲವು ಪ್ರಬಂಧಗಳನ್ನು ಇತರರು ಹೇಗೆ ಬಳಸಿದ್ದಾರೆ, ಒಪ್ಪಿಯೋ ಖಂಡಿಸಿಯೋ, ಎಂದು ನೋಡುವುದು.
6. ತಂತ್ರಾಂಶ, ಮಾನಕ, ಬೋಧನೆ, ದೇಶಭಾಷೆಯ ಬರಹಗಳನ್ನು ಪ್ರತ್ಯೇಕವಾಗಿ ದಾಖಲಿಸುವುದು.
7. ಕೊನೆಯಲ್ಲಿ ಪ್ರಬಂಧವನ್ನೇ ಓದುವುದು.

ಈ ಪೈಕಿ ಏಳನೆಯದು ಹೆಚ್ಚು ಸಮಯ ಬೇಡುವಂಥದು. ಬಿಟ್ಟುಹೋಗುವುದೂ ಹೆಚ್ಚಾಗಿ ಅದೇ. ಉಲ್ಲೇಖಗಳ ಎಣಿಕೆಯು ಓದಬೇಕಾದುದನ್ನು ಹುಡುಕಲು ಕಂಡುಕೊಂಡ ಸಾಧನವಾದ್ದರಿಂದ, ಓದಿಗೆ ದಾರಿಯಾದಾಗಲೇ ಅದು ತನ್ನ ಮೂಲ ಉದ್ದೇಶವನ್ನು ನೆರವೇರಿಸುತ್ತದೆ.